ಬಳಸಲಾಯಿತು

"ಈ ಗುಬ್ಬಿ ಕಾಲು ನಿನ್ನದೇ ತಾನೇ?"

ಅಕ್ಕ ಕಾಗದವನ್ನು ಮೇಜಿನ ಮೇಲೆ ಇಡಲಿಲ್ಲ, ಅಪ್ಪಳಿಸಿದಳು. ಪಿಪೆಟ್ಟಿನ ತುದಿಗಳ ಡಬ್ಬಿ ಉರುಳಿ ಬಿದ್ದು, ಆಗಷ್ಟೇ ಆವಿಯಲ್ಲಿ ಸೋಂಕು ಕಳೆದು ತಂದಿಟ್ಟಿದ್ದ ತೊಂಬತ್ತಾರು ತುದಿಗಳು ನೆಲದ ತುಂಬ ಚೆಲ್ಲಿದವು. ಸಂಶೋಧನಾ ವಿದ್ಯಾರ್ಥಿನಿ ಅವನ್ನು ಆರಿಸಲು ಬಗ್ಗಿದಳು.

"ಅದು ಹಾಳಾಗಿ ಹೋಗ್ಲಿ. ಮೊದ್ಲು ಇದನ್ನ ನೋಡು."

ಕಾಗದದ ಬುಡದಲ್ಲಿ, 'ಸಾಕ್ಷಿ' ಎಂಬ ಪದದ ಎದುರು, ಅವಳ ಸಹಿಯಿತ್ತು. ನಾಲ್ಕು ವರ್ಷದ ಹಿಂದೆ, ಈ ಪ್ರಯೋಗಾಲಯಕ್ಕೆ ಬಂದ ಮೊದಲ ದಿನ ಅವಳು ನಳಿಕೆಗಳಿಗೆ ಹಚ್ಚಿದ್ದ ಚೀಟಿಗಳನ್ನು ಕಣ್ಣ ಹತ್ತಿರ ಹಿಡಿದು ಅಕ್ಕ, "ಇದೇನೇ ಇದು, ಕಾಗೆ ಕಾಲು ಗುಬ್ಬಿ ಕಾಲು!" ಎಂದು ನಕ್ಕಿದ್ದಳು. ಅಂದಿನಿಂದ ಅವಳು ಎಲ್ಲರಿಗೂ ಗುಬ್ಬಿ. ಅಕ್ಕನಿಗೂ ಹೆಸರೊಂದು ಇತ್ತು, ಹಾಜರಿ ಪುಸ್ತಕದಲ್ಲಿ ಮಾತ್ರ. ಇಪ್ಪತ್ತೆರಡು ವರ್ಷದಿಂದ ದ್ರಾವಣಗಳನ್ನು ಕಲಸಿ, ಗಾಜು ತೊಳೆದು, ಕೋಶಗಳಿಗೆ ಆಹಾರ ಹಾಕಿಕೊಂಡು ಬಂದಿದ್ದ ಆ ತಾಂತ್ರಿಕ ಸಹಾಯಕಿ ವಿದ್ಯಾರ್ಥಿಗಳಿಗೂ ಪ್ರೊಫೆಸರರಿಗೂ ಬರೀ ಅಕ್ಕ.

"ನನ್ನದೇ ಅಕ್ಕಾ."

"ಓದಿ ಹಾಕಿದ್ಯೋ, ಓದದೆ ಹಾಕಿದ್ಯೋ?"

ಓದದೆ ಹಾಕಿದೆ ಎಂದಿದ್ದರೆ ಅಕ್ಕನ ಸಿಟ್ಟು ಅರ್ಧ ಇಳಿಯುತ್ತಿತ್ತು. ಗುಬ್ಬಿಗೆ ಅದು ಗೊತ್ತಿತ್ತು. "ಓದೇ ಹಾಕಿದ್ದು," ಎಂದಳು.

"ಹಾಗಾದ್ರೆ ನನಗೂ ಓದಿ ಹೇಳು. ನನ್ನ ಕನ್ನಡಕ ನೆಟ್ಟಗಿಲ್ಲ, ಬುದ್ಧಿ ಮೊದಲಿಂದಾನೇ ಇಲ್ಲ, ಈಗ ಕೈಯೂ ನೆಟ್ಟಗಿಲ್ವಂತೆ."

ಗುಬ್ಬಿ ಓದಿದಳು. ಮೂರೇ ವಾಕ್ಯ. 'ಸದರಿ ದಿನ ಬಳಸಲಾದ ದ್ರಾವಣವನ್ನು ತಾಂತ್ರಿಕ ಸಹಾಯಕಿಯವರು ತಯಾರಿಸಿದ್ದರು. ಸದರಿ ದ್ರಾವಣದಲ್ಲಿ ಇನ್ಹಿಬಿಟರ್ ಇರಲಿಲ್ಲ. ಸದರಿ ದ್ರಾವಣವನ್ನೇ ಪ್ರಯೋಗದಲ್ಲಿ ಬಳಸಲಾಯಿತು.'

"ಬಳಸಲಾಯಿತು," ಎಂದಳು ಅಕ್ಕ. "ಯಾರು ಬಳಸಿದ್ದು? ದೆವ್ವ ಬಂದು ಬಳಸ್ತಾ?"

"ವಿಜ್ಞಾನದ ಬರವಣಿಗೇಲಿ ಹಾಗೇ ಬರೆಯೋದು ಅಕ್ಕಾ, ಮಾಡಿದೋರ ಹೆಸರು..."

"ಓಹೋ! ತಯಾರಿಸೋಕೆ ಮಾತ್ರ ಮನುಷ್ಯರು ಬೇಕು, ಬಳಸೋಕೆ ಗಾಳಿ ಸಾಕು. ಚೆನ್ನಾಗಿದೆ ಕಣೇ ನಿಮ್ಮ ವಿಜ್ಞಾನ." ಅಕ್ಕನ ಧ್ವನಿ ಸೀಳಿತು. "ಡೀನ್ ಆಫೀಸಿಂದ ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರೆ, ಇದರ ನಕಲು ಜೊತೆಗೆ. ನಿರ್ಲಕ್ಷ್ಯವಂತೆ. ಏಳು ದಿನ ಟೈಮು. ಆಮೇಲೆ ಕೆಲಸದಿಂದ ತೆಗೀತಾರೆ. ಬರೋ ವರ್ಷ ನಾನಾಗೇ ಹೋಗೋಳಿದ್ದೆ. ಹೂವಿನ ಹಾರ ಬೇಡ, ಭಾಷಣ ಬೇಡ, ಸುಮ್ನೆ ಬೀಗದ ಕೈ ಕೊಟ್ಟು ಹೋಗೋಳು. ಈಗ ಕಳ್ಳಿ ಥರ ಹೋಗ್ಬೇಕು. ಅದಕ್ಕೆ ಸಾಕ್ಷಿ ನೀನು."

ಅವಳು ಕೋಲ್ಡ್ ರೂಮಿನೊಳಕ್ಕೆ ಹೋಗಿ ಬಾಗಿಲು ಎಳೆದುಕೊಂಡಳು. ನಾಲ್ಕು ಡಿಗ್ರಿಯ ಆ ಕೋಣೆಯಲ್ಲಿ ಯಾರೂ ಸ್ವೆಟರಿಲ್ಲದೆ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಅಕ್ಕ ಅಂದು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಆ ಪ್ರಯೋಗಾಲಯದಲ್ಲಿ ದ್ರಾವಣದ ಬಾಟಲಿಗಳು ಎರಡು ಸಲ ಹುಟ್ಟುತ್ತಿದ್ದವು. ಕೋಶಗಳನ್ನು ಒಡೆಯಲು ಬೇಕಾದ ದ್ರಾವಣವನ್ನು ಅಕ್ಕ ತಿಂಗಳಿಗೊಮ್ಮೆ ಕಲಸಿ, ಹತ್ತು ಬಾಟಲಿಗೆ ತುಂಬಿ, ಕೋಲ್ಡ್ ರೂಮಿನಲ್ಲಿ ಸಾಲಾಗಿ ಇಡುತ್ತಿದ್ದಳು. ಅದು ಮೊದಲ ಹುಟ್ಟು. ಇನ್ಹಿಬಿಟರ್ ಎಂಬ ಔಷಧವನ್ನು ಆಗಲೇ ಸೇರಿಸುವಂತಿರಲಿಲ್ಲ. ನೀರಿಗೆ ಬಿದ್ದ ಮೇಲೆ ಅದರ ಕಸುವು ಒಂದೇ ದಿನ. ಆದ್ದರಿಂದ ಯಾವ ಬಾಟಲಿ ಯಾವತ್ತು ಬೇಕೋ ಅವತ್ತು ಬೆಳಿಗ್ಗೆ ಅದಕ್ಕೆ ಇನ್ಹಿಬಿಟರ್ ಹಾಕಿ, ಮುಚ್ಚಳದ ಮೇಲೆ ಉಗುರುಬಣ್ಣದ ಒಂದು ಕೆಂಪು ಬೊಟ್ಟು ಇಡುತ್ತಿದ್ದಳು. "ಕಾವಲು ಹಾಕಿದ್ದೀನಿ" ಎಂಬುದು ಅವಳ ಮಾತು. ಸಂಜೆ ಮನೆಗೆ ಹೊರಡುವ ಮುನ್ನ ಹತ್ತಿಯಲ್ಲಿ ಅಸಿಟೋನ್ ಅದ್ದಿ ಆ ಬೊಟ್ಟನ್ನು ಒರೆಸಿಬಿಡುತ್ತಿದ್ದಳು. ಬೊಟ್ಟಿಲ್ಲದ ಬಾಟಲಿ ಎಂದರೆ ಕಾವಲಿಲ್ಲದ ಬಾಟಲಿ. ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದಳು: "ಬೊಟ್ಟು ನೋಡದೆ ಮುಟ್ಟಿದ್ರೆ ಕೈ ಮುರೀತೀನಿ."

ಕಾವಲು ಬೇಕಾಗಿದ್ದುದು ಗುಬ್ಬಿಯ ಕೆಲಸದ ಸ್ವಭಾವದಿಂದಾಗಿ. ಒಮ್ಮೆ ಗಾಜು ತೊಳೆಯುತ್ತ ಅಕ್ಕ ಕೇಳಿದ್ದಳು: "ನಾಲ್ಕು ವರ್ಷದಿಂದ ಅದೊಂದು ಪ್ರೋಟೀನನ್ನೇ ಉಜ್ತಾ ಇದ್ದೀಯ. ಕೋಶ ಅದನ್ನ ಮಾಡುತ್ತೆ, ಆಮೇಲೆ ಅದಕ್ಕೆ ಏನೇನೋ ಅಂಟಿಸುತ್ತೆ, ಮತ್ತೆ ಕೀಳುತ್ತೆ. ಮಾಡೋವಾಗ್ಲೇ ನೆಟ್ಟಗೆ ಮಾಡೋಕೇನು ಧಾಡಿ ಅದಕ್ಕೆ?"

"ನೆಟ್ಟಗೇ ಮಾಡಿರುತ್ತೆ ಅಕ್ಕಾ. ಕೋಶದ ನಡುವೆ ಕೇಂದ್ರ ಇದೆಯಲ್ಲ, ಅದರ ಪೊರೆಗೆ ಒಳಗಡೆಯಿಂದ ಕೋಟಿಗೆ ಇದ್ದ ಹಾಗೆ ಅಸ್ತರು ಇರುತ್ತೆ. ಆ ಅಸ್ತರಿನ ಎಳೆ ನಮ್ಮ ಪ್ರೋಟೀನು. ಕೋಶ ಎರಡಾಗೋ ಹೊತ್ತಿಗೆ ಅದು ಬಿಚ್ಕೋಬೇಕು. ಎರಡಾದ ಮೇಲೆ ಮತ್ತೆ ಕೂಡ್ಕೋಬೇಕು. ಎಲ್ಲಾ ಒಂದು ಗಂಟೆ ಆಚೀಚೆ. ಹಳೇ ಎಳೆ ಎಲ್ಲ ಅರೆದು ಹೊಸದು ಮಾಡ್ತಾ ಕೂತ್ರೆ ಹೊತ್ತು ಮೀರುತ್ತೆ. ಅದಕ್ಕೇ ಇರೋ ಎಳೆಗೇ ಫಾಸ್ಫೇಟಿನ ಒಂದು ಗುರುತು ಅಂಟಿಸುತ್ತೆ. ಗುರುತು ಬಿದ್ದ ಎಳೆಗಳು ಒಂದನ್ನೊಂದು ದೂಡ್ತವೆ, ಅಸ್ತರು ಬಿಚ್ಚಿಹೋಗುತ್ತೆ. ಗುರುತು ಅಳಿಸಿದ್ರೆ ಅವೇ ಎಳೆಗಳು ಮತ್ತೆ ಹೆಣೆದುಕೊಳ್ತವೆ."

"ಅಂದ್ರೆ ಮಾಡೋದು ಒಂದು ಸಲ, ಹೇಳೋದು ನೂರು ಸಲ."

"ಹ್ಞೂಂ."

"ಇಷ್ಟಕ್ಕೆ ನಾಲ್ಕು ವರ್ಷ ಓದ್ಬೇಕಾ? ನನ್ನ ಬೊಟ್ಟು ನೋಡಿದ್ರೆ ಸಾಕಿತ್ತು."

ಇಬ್ಬರೂ ನಕ್ಕಿದ್ದರು. ತೊಡಕು ಇದ್ದುದು ಬೇರೆ ಕಡೆ. ಜೀವಂತ ಕೋಶದಲ್ಲಿ ಗುರುತು ಅಂಟಿಸುವ ಕಿಣ್ವಗಳಿಗೂ ಅಳಿಸುವ ಕಿಣ್ವಗಳಿಗೂ ಅವುಗಳದೇ ಹೊತ್ತು, ಅವುಗಳದೇ ಜಾಗ. ಕೋಶವನ್ನು ಒಡೆದೊಡನೆ ಆ ಶಿಸ್ತೆಲ್ಲ ಮುರಿದು, ಅಳಿಸುವ ಕಿಣ್ವಗಳು ಕೈಗೆ ಸಿಕ್ಕ ಗುರುತುಗಳನ್ನೆಲ್ಲ ಒರೆಸಿಬಿಡುತ್ತವೆ. ಇನ್ಹಿಬಿಟರ್ ಅವನ್ನು ಕಟ್ಟಿಹಾಕುತ್ತದೆ. ಅದಿಲ್ಲದಿದ್ದರೆ ಕೋಶ ಹಾಕಿದ್ದ ಗುರುತು ನೋಡುವವರ ಕಣ್ಣಿಗೆ ಬೀಳುವ ಮೊದಲೇ ಇಲ್ಲವಾಗುತ್ತದೆ.

ಏಳು ತಿಂಗಳ ಹಿಂದೆ ಆದದ್ದು ಅದೇ. ಒಬ್ಬ ರೋಗಿಯ ಚರ್ಮದಿಂದ ಬೆಳೆಸಿದ ಕೋಶಗಳನ್ನು ಆರೋಗ್ಯವಂತರ ಕೋಶಗಳೊಂದಿಗೆ ಹೋಲಿಸಬೇಕಿತ್ತು. ಆರೋಗ್ಯವಂತರದನ್ನು ಶುಕ್ರವಾರ ಗುಬ್ಬಿ ಒಡೆದಳು, ಬೊಟ್ಟಿದ್ದ ಬಾಟಲಿಯಿಂದ. ರೋಗಿಯ ಕೋಶಗಳು ಹದಕ್ಕೆ ಬಂದದ್ದು ಭಾನುವಾರ. ಗುಬ್ಬಿಗೆ ಜ್ವರ, ಅಕ್ಕನಿಗೆ ರಜೆ. ಪ್ರೊಫೆಸರರು ತಾವೇ ಬಂದು, ಸಾಲಿನಿಂದ ಒಂದು ಬಾಟಲಿ ತೆಗೆದು, ಕೋಶಗಳನ್ನು ಒಡೆದು ಹೋದರು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಪರೀಕ್ಷೆಯ ಹಾಳೆಯ ಮೇಲೆ ಆರೋಗ್ಯವಂತರ ಪ್ರೋಟೀನಿನ ಗೆರೆಯಲ್ಲಿ ಫಾಸ್ಫೇಟ್ ಗುರುತಿನ ಕಪ್ಪು ಪಟ್ಟೆ ದಟ್ಟವಾಗಿತ್ತು, ರೋಗಿಯದರಲ್ಲಿ ಏನೂ ಇರಲಿಲ್ಲ. ಈ ರೋಗದಲ್ಲಿ ಅಸ್ತರು ಬಿಚ್ಚಿಕೊಳ್ಳುವ ಗುರುತೇ ಬೀಳುವುದಿಲ್ಲ ಎಂದು ಪ್ರೊಫೆಸರರು ಸಮ್ಮೇಳನದಲ್ಲಿ ಸಾರಿದರು. ಬೆನ್ನ ಹಿಂದೆ ವಿದ್ಯಾರ್ಥಿಗಳು ಅವರನ್ನು ಮೈಕು ಎನ್ನುತ್ತಿದ್ದರು. ಅಂದು ಮೈಕು ಎದೆ ತಟ್ಟಿಕೊಂಡು, "ಈ ಪ್ರಯೋಗ ನಾನೇ ಕೈಯಾರೆ ಮಾಡಿದ್ದು" ಎಂದಿತ್ತು.

ಲೇಖನ ಕಳಿಸಿದ್ದ ವಿಜ್ಞಾನ ಪತ್ರಿಕೆಯವರು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಗುಬ್ಬಿ ಮೂರು ಸಲ ಮಾಡಿದಳು. ಮೂರು ಸಲವೂ ರೋಗಿಯ ಕೋಶದಲ್ಲಿ ಪಟ್ಟೆ ಇತ್ತು. ಕಾರಣವನ್ನೂ ಅವಳೇ ಹುಡುಕಿ, ಆ ಭಾನುವಾರದ ಬಾಟಲಿಗೆ ಕಾವಲಿರಲಿಲ್ಲವೆಂದು ಪ್ರೊಫೆಸರರಿಗೆ ಹೇಳಿದಳು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಡೀನ್ ಅವರಿಗೆ ಕೊಡಬೇಕಾದ ವಿವರಣೆ ಎಂದು ಈ ಕಾಗದ ತಂದು, "ಕಾರಣ ಹುಡುಕಿದವಳು ನೀನು, ಸಾಕ್ಷಿಯ ಸಹಿ ನಿನ್ನದೇ ಇರಲಿ" ಎಂದರು. ಅವಳು ಒಂದೊಂದು ವಾಕ್ಯವನ್ನೂ ಪರೀಕ್ಷಿಸಿದಳು. ಒಂದೊಂದೂ ನಿಜ. 'ದ್ರಾವಣ'ದ 'ಣ'ಕಾರ 'ನ' ಆಗಿದ್ದುದನ್ನು ಪೆನ್ನಿನಿಂದ ತಿದ್ದಿದಳು. ಆಮೇಲೆ ಸಹಿ ಹಾಕಿದಳು.

ನೆಲದ ಮೇಲಿನ ತುದಿಗಳನ್ನು ಆರಿಸುತ್ತ ಅವಳಿಗೆ ಆ 'ಣ' ನೆನಪಾಯಿತು. ಅಕ್ಷರದ ತಪ್ಪು ಹುಡುಕಿದ ಕಣ್ಣು!

ಪ್ರೊಫೆಸರರ ಕೋಣೆಯ ಬಾಗಿಲನ್ನು ಅವಳು ಎಂದೂ ಅಷ್ಟು ಜೋರಾಗಿ ತಟ್ಟಿರಲಿಲ್ಲ.

"ಸಹಿ ವಾಪಸ್ ತಗೋಬೇಕು ಸರ್."

ಅವರು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. "ಮೂರು ವಾಕ್ಯ ಇದೆ. ಯಾವುದು ಸುಳ್ಳು, ತೋರಿಸು."

"ಯಾವುದೂ ಸುಳ್ಳಲ್ಲ."

"ಮತ್ತೆ?"

"ನಾಲ್ಕನೇದು ಇಲ್ಲ."

ಈಗ ತಲೆಯೆತ್ತಿದರು. ಸಿಟ್ಟಿರಲಿಲ್ಲ, ಮಗುವಿಗೆ ಲೆಕ್ಕ ಹೇಳಿಕೊಡುವ ಸಮಾಧಾನವಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. "ನೋಡು, ಆಯಮ್ಮ ಹೇಗೂ ಬರೋ ವರ್ಷ ಮನೆಗೆ ಹೋಗೋರು. ನಿನಗೆ ಮುಂದೆ ಮೂವತ್ತು ವರ್ಷ ಇದೆ. ನನಗೂ ಒಂದು ಮರ್ಯಾದೆ ಅಂತ ಇದೆ. ತೂಗಿ ನೋಡು. ನಿನ್ನ ಪ್ರಬಂಧ ಎಲ್ಲಿದೆ ಗೊತ್ತಲ್ಲ?" ಎಂದು ಮೇಜಿನ ಎಡಗಡೆಯ ರಾಶಿಯ ಮೇಲೆ ಅಂಗೈ ಇಟ್ಟರು. ಆ ರಾಶಿಯ ಮೇಲಿನ ನೀಲಿ ಹೊದಿಕೆ ಅವಳದು. ಅವರ ಸಹಿಯಿಲ್ಲದೆ ಅದು ಆ ಮೇಜಿನಿಂದ ಏಳುವಂತಿರಲಿಲ್ಲ.

"ಸಮ್ಮೇಳನದಲ್ಲಿ 'ನಾನೇ ಕೈಯಾರೆ ಮಾಡಿದ್ದು' ಅಂದ್ರಿ ಸರ್," ಎಂದಳು ಗುಬ್ಬಿ. "ಅಲ್ಲಿ 'ಮಾಡಲಾಯಿತು' ಅನ್ನಲಿಲ್ಲ."

ಅಂಗೈ ನೀಲಿ ಹೊದಿಕೆಯ ಮೇಲೆ ಹಾಗೇ ಇತ್ತು. "ಬಾಗಿಲು ಹಾಕ್ಕೊಂಡು ಹೋಗು," ಎಂದರು.

ಅವಳು ಬಾಗಿಲನ್ನು ಹಾಕಲಿಲ್ಲ.

ಕೋಲ್ಡ್ ರೂಮಿನ ಹಿಂದಿನ ಕಪಾಟಿನಲ್ಲಿ, ಪ್ರಕಟವಾಗದ ಪ್ರಯೋಗಗಳ ಬಾಟಲಿಗಳನ್ನು ಅಕ್ಕ ಎಸೆಯದೆ ಇಟ್ಟಿರುತ್ತಿದ್ದಳು. ಗುಬ್ಬಿ ಹುಡುಕಿದ ಬಾಟಲಿ ಮೂರನೆಯ ಸಾಲಿನಲ್ಲಿ ಸಿಕ್ಕಿತು. ಬಾಟಲಿ ತೆರೆದವರು ತೆರೆದ ದಿನವನ್ನು ಬರೆಯಬೇಕೆಂಬುದು ಅಲ್ಲಿನ ಕಟ್ಟಳೆ. ಆ ಭಾನುವಾರದ ತಾರೀಖು ಹಸಿರು ಶಾಯಿಯಲ್ಲಿ, ಬಲಕ್ಕೆ ವಾಲಿದ ಅಕ್ಷರದಲ್ಲಿತ್ತು. ಹಸಿರು ಶಾಯಿಯಲ್ಲಿ ಬರೆಯುವವರು ಇಡೀ ವಿಭಾಗದಲ್ಲಿ ಒಬ್ಬರೇ. ಮುಚ್ಚಳ ಬೆಳ್ಳಗಿತ್ತು; ಅಕ್ಕನಿಗೆ ರಜೆಯಿದ್ದ ಆ ದಿನ ಬೊಟ್ಟು ಇಡುವವರೇ ಇರಲಿಲ್ಲ.

"ಅಕ್ಕಾ, ನಾಳೆ ಎರಡೂ ಥರದ ಕೋಶ ಒಡೀತೀನಿ. ಅರ್ಧ ಈ ಬಾಟ್ಲೀಲಿ, ಅರ್ಧ ಕಾವಲು ಹಾಕಿರೋದ್ರಲ್ಲಿ. ಒಂದು ಬಾಟ್ಲಿಗೆ ಕಾವಲು ಹಾಕಿಕೊಡಿ."

"ನಾನು ಮುಟ್ಟಲ್ಲ."

"ಅಕ್ಕಾ..."

"ನಾನು ಮುಟ್ಟಿದ್ದೆಲ್ಲ ಕೆಡುತ್ತೆ ಅಂತ ಬರೆದು ಕೊಟ್ಟಿದ್ದೀಯಲ್ಲ. ನೀನೇ ಹಾಕು. ನಾನು ನೋಡ್ತೀನಿ. ಈ ಸಲ ಸಾಕ್ಷಿ ನಾನು."

ಮರುದಿನ ಬೆಳಿಗ್ಗೆ ಅಕ್ಕ ಎತ್ತರದ ಸ್ಟೂಲೊಂದನ್ನು ಎಳೆದುಕೊಂಡು, ಕೈಕಟ್ಟಿ ಕೂತಳು. ಗುಬ್ಬಿ ಇನ್ಹಿಬಿಟರನ್ನು ಅಳೆದಳು.

"ಎಷ್ಟು ತಗೊಂಡೆ?"

"ನೂರು ಮೈಕ್ರೋಲೀಟರ್."

"ತುದೀಲಿ ಗುಳ್ಳೆ ಇದೆ. ನೂರಿಲ್ಲ ಅದು. ನಾಲ್ಕು ವರ್ಷ ಏನು ಕಲಿತೆ, ಕತ್ತೆ ಕಾಯೋದಾ?"

ಗುಬ್ಬಿ ಚೆಲ್ಲಿ, ಮತ್ತೆ ತೆಗೆದಳು. ಉಗುರುಬಣ್ಣದ ಶೀಶೆಯನ್ನು ಅಕ್ಕ ಕಿಸೆಯಿಂದ ತೆಗೆದು ಮೇಜಿನ ಮೇಲೆ ತಳ್ಳಿದಳು, ಕೈಗೆ ಕೊಡಲಿಲ್ಲ. ಗುಬ್ಬಿ ಇಟ್ಟ ಬೊಟ್ಟು ಸೊಟ್ಟಗಾಗಿ ಮುಚ್ಚಳದ ಅಂಚಿಗೆ ಇಳಿಯಿತು.

"ಸಹಿ ಥರಾನೇ ಇದೆ," ಎಂದಳು ಅಕ್ಕ. ನಗಲಿಲ್ಲ.

ಫಲಿತಾಂಶಕ್ಕೆ ಎರಡು ದಿನ ಹಿಡಿಯಿತು. ಹಾಳೆಯ ಮೇಲೆ ನಾಲ್ಕು ಮಾದರಿಗೆ ನಾಲ್ಕು ಗೆರೆ. ಬೊಟ್ಟಿನ ಬಾಟಲಿಯ ಎರಡರಲ್ಲೂ ಪಟ್ಟೆ ಕಪ್ಪಗೆ, ಒಂದೇ ಸಮ. ಬೊಟ್ಟಿಲ್ಲದ ಎರಡೂ ಖಾಲಿ, ಆರೋಗ್ಯವಂತರದೂ ಖಾಲಿ. ರೋಗಕ್ಕೂ ಖಾಲಿ ಪಟ್ಟೆಗೂ ಸಂಬಂಧವೇ ಇರಲಿಲ್ಲ. ಸಂಬಂಧವಿದ್ದುದು ಬಾಟಲಿಗೆ.

ಆರನೆಯ ದಿನ ಡೀನ್ ಮೇಡಂ ಮೂವರನ್ನೂ ಕರೆಸಿದರು. ಅವರ ಕೋಣೆಯಲ್ಲಿ ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಮಡಿಲಲ್ಲಿ ಆ ಬಿಳಿ ಮುಚ್ಚಳದ ಬಾಟಲಿ. ಗುಬ್ಬಿ ನಾಲ್ಕು ಗೆರೆಯ ಚಿತ್ರವನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ಬಾಟಲಿಯನ್ನು ಕೇಳಿ ಪಡೆದು ಹಸಿರು ಶಾಯಿಯನ್ನು ನೋಡಿದರು.

"ತೆರೆದಿದ್ದು ನೀವಾ?"

"ನಾನೇ," ಎಂದರು ಪ್ರೊಫೆಸರರು ನಿರಾಳವಾಗಿ. "ನಾನು ಅಲ್ಲ ಅಂತ ಎಲ್ಲೂ ಬರೆದಿಲ್ಲ. ಸಿದ್ಧವಾದ ದ್ರಾವಣ ಅಂತ ಇಟ್ಟಿದ್ರು, ಬಳಸಿದೆ. ಅದಕ್ಕೆ ಇನ್ಹಿಬಿಟರ್ ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಬೊಟ್ಟಿರಲಿಲ್ಲ ಸಾರ್!" ಅಕ್ಕ ಎದ್ದುಬಿಟ್ಟಳು. "ಮೊನ್ನೆ ಬಂದ ಹುಡುಗ್ರಿಗೂ ಗೊತ್ತು. ಇಪ್ಪತ್ತೆರಡು ವರ್ಷ ನನ್ನ ಬೊಟ್ಟಿನ ಮೇಲೆ ನಿಮ್ಮ ಪೇಪರ್ ಎಲ್ಲ ಬಂದಿದ್ದು!"

"ಬೊಟ್ಟು, ಬೊಟ್ಟು! ನೋಡಮ್ಮ, ಇದು ಪ್ರಯೋಗಾಲಯ. ಇಲ್ಲಿ ಬರೆದಿಟ್ಟ ಕಾರ್ಯವಿಧಾನ ಅಂತ ಒಂದಿದೆ." ಅವರು ಕಡತದಿಂದ ಒಂದು ಪುಸ್ತಕ ತೆಗೆದು ಮೇಡಂ ಮುಂದೆ ಸರಿಸಿದರು. "ಏಳನೇ ಪುಟ. ದ್ರಾವಣ ತಯಾರಿಕೆ. ಬೊಟ್ಟು ಅನ್ನೋ ಪದ ಎಲ್ಲಿದೆ, ತೋರಿಸಿ."

ಮೇಡಂ ಓದಿದರು. ಇನ್ನೊಮ್ಮೆ ಓದಿದರು. "ಇಲ್ಲ," ಎಂದರು. "ಇದನ್ನ ಬರೆದೋರು ಯಾರು?"

"ಇವಳೇ," ಎಂದರು ಪ್ರೊಫೆಸರರು. ಗುಬ್ಬಿಯ ಕಡೆ ನೋಡುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಕಾರ್ಯವಿಧಾನವನ್ನು ಬರೆದ ವಾರ ಗುಬ್ಬಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ನಲವತ್ತೆರಡು ಪುಟ. ಪ್ರತಿ ಲವಣದ ತೂಕ ಮೂರು ದಶಮಾಂಶದವರೆಗೆ. ಏಳನೆಯ ಪುಟದಲ್ಲಿ 'ಮುಚ್ಚಳದ ಮೇಲೆ ಕೆಂಪು ಉಗುರುಬಣ್ಣದ ಬೊಟ್ಟು' ಎಂದು ಒಮ್ಮೆ ಬರೆದಿದ್ದಳು. ಅಳಿಸಿದ್ದಳು. ಉಗುರುಬಣ್ಣ! ಹೊರಗಿನವರು ಓದಿದರೆ ಏನಂದುಕೊಂಡಾರು? 'ಬಳಕೆಯ ದಿನ ಇನ್ಹಿಬಿಟರನ್ನು ಸೇರಿಸಲಾಗುವುದು' ಎಂದು ತಿದ್ದಿದ್ದಳು. ಯಾರು ಸೇರಿಸಬೇಕು, ಸೇರಿಸಿದ್ದು ಉಳಿದವರಿಗೆ ಹೇಗೆ ತಿಳಿಯಬೇಕು, ಅದೊಂದೂ ಅಲ್ಲಿರಲಿಲ್ಲ. ಆ ವಾಕ್ಯ ಎಷ್ಟು ಶುದ್ಧವಾಗಿದೆ ಎಂದು ಅಂದು ಹಿಗ್ಗಿದ್ದಳು ಕೂಡ.

ಅವಳು ಅಕ್ಕನನ್ನು ನೋಡಿದಳು. ಅಕ್ಕನಿಗೆ ಆಗ ತಾನೇ ಅರ್ಥವಾಗುತ್ತಿತ್ತು. ಕಾಗದ ಅಪ್ಪಳಿಸಿದ ದಿನದ ಉರಿ ಆ ಕಣ್ಣಲ್ಲಿರಲಿಲ್ಲ. ಅದಿದ್ದಿದ್ದರೆ ಚೆನ್ನಾಗಿತ್ತು.

"ಬೊಟ್ಟಿನ ವಿಷಯ ಗೊತ್ತಿದ್ದೂ ಬರೆಯಲಿಲ್ವಾ?" ಎಂದು ಮೇಡಂ ಕೇಳಿದರು.

"ಗೊತ್ತಿದ್ದೂ ಬರೆಯಲಿಲ್ಲ ಮೇಡಂ. ಬರೆದು, ಅಳಿಸಿದೆ. ಉಗುರುಬಣ್ಣ ಅಂತ ಬರೆಯೋಕೆ ನಾಚಿಕೆ ಆಯ್ತು."

ಪ್ರೊಫೆಸರರು ಕುರ್ಚಿಗೆ ಒರಗಿದರು. "ಮುಗೀತಲ್ಲ."

"ಮುಗಿದಿಲ್ಲ ಸರ್." ಆ ಕೋಣೆಯಲ್ಲಿದ್ದ ಯಾರ ಮೇಲಿನ ಸಿಟ್ಟಿಗಿಂತಲೂ ದೊಡ್ಡ ಸಿಟ್ಟು ಈಗ ಗುಬ್ಬಿಗೆ ತನ್ನ ಮೇಲೇ ಇತ್ತು, ಅದಕ್ಕೆ ಹೋಗಲು ಬೇರೆ ಜಾಗವಿರಲಿಲ್ಲ. "ಮೇಡಂ, ಆ ವಿವರಣೆಯ ಕಾಗದ ಕೊಡಿ. ಸಹಿ ಅಳಿಸಲ್ಲ. ಕೆಳಗೆ ಎರಡು ಸಾಲು ಸೇರಿಸ್ತೀನಿ."

ಮೇಡಂ ಒಂದು ಗಳಿಗೆ ಯೋಚಿಸಿ ಕಾಗದ ಕೊಟ್ಟರು. ಗುಬ್ಬಿ ನಿಂತೇ ಬರೆದಳು. ಮೇಡಂ ಅದನ್ನು ತಿರುಗಿಸಿಕೊಂಡು ಗಟ್ಟಿಯಾಗಿ ಓದಿದರು:

"'ಬೊಟ್ಟಿಲ್ಲದ ಬಾಟಲಿಯನ್ನು ತೆರೆದು ಬಳಸಿದವರು ಪ್ರೊಫೆಸರ್. ಬೊಟ್ಟಿನ ನಿಯಮವನ್ನು ಕಾರ್ಯವಿಧಾನದಿಂದ ಅಳಿಸಿದವಳು ನಾನು.'" ಕನ್ನಡಕ ತೆಗೆದರು. "ಇದರ ಪರಿಣಾಮ ಗೊತ್ತಿದೆಯಾ? ನಿಮ್ಮ ಮಾರ್ಗದರ್ಶಕರು ಇವರೇ."

"ಗೊತ್ತು ಮೇಡಂ."

"ಇನ್ನು ಮುಂದೆ ಅಲ್ಲ," ಎಂದು ಪ್ರೊಫೆಸರರು ಎದ್ದರು. ಈ ಸಲ ಬಾಗಿಲು ಜೋರಾಗಿ ಹಾಕಿಕೊಂಡದ್ದು ಅವರು.

ನೋಟಿಸನ್ನು ಹಿಂತೆಗೆದುಕೊಂಡ ಆದೇಶ ಮರುದಿನ ಮಧ್ಯಾಹ್ನ ಬಂತು. ಅದರಲ್ಲಿಯೂ 'ಹಿಂಪಡೆಯಲಾಗಿದೆ' ಎಂದೇ ಇತ್ತು. ನೀಲಿ ಹೊದಿಕೆಯ ಪ್ರಬಂಧವನ್ನು ಪ್ರೊಫೆಸರರ ಮೇಜಿನಿಂದ ಯಾರೋ ತಂದು ಗುಬ್ಬಿಯ ಮೇಜಿನ ಮೇಲಿಟ್ಟು ಹೋಗಿದ್ದರು. ಸಹಿಯ ಜಾಗ ಖಾಲಿಯಿತ್ತು. ಬೇರೆ ಮಾರ್ಗದರ್ಶಕರು ಸಿಗುವವರೆಗೆ ಅದು ಹಾಗೇ ಇರಬೇಕಿತ್ತು, ಎಷ್ಟು ತಿಂಗಳೋ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡಳು. ಗುಬ್ಬಿ ಕಂಪ್ಯೂಟರಿನ ಮುಂದೆ ಏಳನೆಯ ಪುಟವನ್ನು ತೆರೆದುಕೊಂಡು ಕೂತಿದ್ದಳು. ಅಕ್ಕ ಅವಳ ಹಿಂದೆ ಬಂದು ನಿಂತಳು.

"ಏನಂತ ಬರೀತಿದ್ದೀಯ?"

"'ಇನ್ಹಿಬಿಟರ್ ಹಾಕಿದವರು ಮುಚ್ಚಳದ ಮೇಲೆ ಬೊಟ್ಟು ಇಡಬೇಕು.'"

"ಯಾವ ಬಣ್ಣ ಅಂತ ಬರಿ."

"ಕೆಂಪು."

"ಎಂಥದ್ರಲ್ಲಿ?"

"ಉಗುರುಬಣ್ಣದಲ್ಲಿ."

"ಸಂಜೆ ಒರೆಸಬೇಕು ಅಂತಾನೂ ಬರಿ. ಒರೆಸದಿದ್ರೆ ಇಡೋದು ದಂಡ." ಗುಬ್ಬಿ ಬರೆದು ಮುಗಿಸಿದ ಮೇಲೆ, "ನನ್ನ ಉಗುರುಬಣ್ಣದಿಂದ ನಿನಗೆ ನಾಚಿಕೆ ಆಗಿತ್ತು," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಐದು ಗಂಟೆಗೆ ಅಕ್ಕ ಮೂರು ಬಾಟಲಿಗಳನ್ನು ಹೊರಗೆ ತಂದಳು. ಹತ್ತಿ ಅದ್ದಿ ಅಂದಿನ ಎರಡು ಬೊಟ್ಟು ಒರೆಸಿದಳು. ಮೂರನೆಯದು ಗುಬ್ಬಿ ಇಟ್ಟಿದ್ದ, ಅಂಚಿಗೆ ಇಳಿದ ಸೊಟ್ಟ ಬೊಟ್ಟು. ಐದು ದಿನದಿಂದ ಅದನ್ನು ಯಾರೂ ಒರೆಸಿರಲಿಲ್ಲ. ಆ ಬಾಟಲಿಯನ್ನೂ ಅಸಿಟೋನಿನ ಶೀಶೆಯನ್ನೂ ಗುಬ್ಬಿಯ ಕಡೆ ಸರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಗುಬ್ಬಿ ಹತ್ತಿಯನ್ನು ಒತ್ತಿ ಹಿಡಿದು ಉಜ್ಜಿದಳು. ಹತ್ತಿ ಕೆಂಪಾಯಿತು, ಬೆರಳ ತುದಿ ಕೆಂಪಾಯಿತು, ಮುಚ್ಚಳ ಬೆಳ್ಳಗಾಯಿತು. ಅಂಚಿನ ಗೀರುಗಳೊಳಗೆ ಮಾತ್ರ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಅವಳು ಹೊಸ ಹತ್ತಿ ತೆಗೆದುಕೊಂಡಳು.